ಗೊಬ್ಬರದಂಗಡಿಯಲ್ಲಿ ಕಡಲ ಹುಳು

ಜನವರಿ 6, ಸೋಮವಾರ

ಅರಕಲಗೂಡಿಗೆ ಬಂದು ಬಿದ್ದಿದ್ದೀನಿ. ಕಾಲಿಗೆ ಪ್ಲಾಸ್ಟರು, ಕೈಗೆ ವಾಕರು, ತಲೆಗೆ ಅಮ್ಮನ ಹರಳೆಣ್ಣೆ. ಎಂಟು ವರ್ಷ ಕಡಲ ಹುಳು ಹುಡುಕಿಕೊಂಡು ದೋಣಿ, ಹಡಗು ಅಂತ ಓಡಾಡಿ ಒಂದು ಗೀರೂ ಬೀಳದವಳು, ಲಕ್ಷದ್ವೀಪದಲ್ಲಿ ಮಕ್ಕಳು ಆಟ ಆಡುವಷ್ಟು ನೀರಿನಲ್ಲಿ ಪಾಚಿ ಕಟ್ಟಿದ ಹವಳದ ಮೇಲೆ ಜಾರಿ ಕಾಲು ಮುರಿದುಕೊಂಡೆ. ಕೊಚ್ಚಿಯಲ್ಲಿ ಆಪರೇಶನ್ ಆಯಿತು. "ಊರಿಗೆ ಹೋಗಿ ರೆಸ್ಟ್ ತಗೋ, ಸ್ಯಾಂಪಲ್ಲು ಮೈಕ್ರೋಸ್ಕೋಪು ಎರಡನ್ನೂ ತಗೊಂಡು ಹೋಗು" ಅಂತ ನಮ್ಮ ಲ್ಯಾಬಿನ ಮೇಡಂ ಕಾರು ಮಾಡಿ ಕಳಿಸಿದರು. ಬೀಳುವಾಗಲೂ ಕೈಯಲ್ಲಿದ್ದ ಸೀಸೆ ಬಿಟ್ಟಿರಲಿಲ್ಲವಂತೆ ನಾನು. ನನ್ನ ಜೂನಿಯರ್ ಧನ್ಯಾ ಇದನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ನಗುತ್ತಾಳೆ. ನಗಲಿ.

ಸೀಸೆಗಳನ್ನು ಎಲ್ಲಿಡಬೇಕು ಅನ್ನುವುದಕ್ಕೆ ಬಂದ ದಿನವೇ ರಾಮಾಯಣ. "ಲಿಂಗಪೂಜೆ ಮಾಡೋ ಮನೆ ಕಣೇ ಇದು! ಸತ್ತ ಹುಳನೆಲ್ಲ ಬಾಟ್ಲಲ್ಲಿ ತುಂಬ್ಕೊಂಡು ಒಳಗೆ ಬರ್ತೀಯಲ್ಲ" ಅಂತ ಅಮ್ಮ ಬಾಗಿಲಿಗೆ ಅಡ್ಡ ನಿಂತಳು. ಅಪ್ಪ ಪೇಪರಿನಿಂದ ತಲೆ ಎತ್ತದೆ, "ನಮ್ಮೋರಲ್ಲಿ ಸೂತಕ ಎಲ್ಲಿಂದ ಬಂತೇ? ಗೋಡೌನಲ್ಲಿ ಇಟ್ಕೊಳ್ಲಿ ಬುಡು" ಅಂದರು. ನನ್ನ ಮೇಲಿನ ಪ್ರೀತಿಗೆ ಅಂದಿದ್ದಲ್ಲ. ಪೇಪರು ಓದಬೇಕಾಗಿತ್ತು, ಅಷ್ಟೆ.

ಮುಂದೆ ಅಪ್ಪನ ಗೊಬ್ಬರ-ಬೀಜದ ಅಂಗಡಿ, ಹಿಂದೆ ಮನೆ, ಮಧ್ಯೆ ಗೋಡೌನು. ಯೂರಿಯಾ ಮೂಟೆಗೂ ಕೀಟನಾಶಕದ ಬಾಕ್ಸುಗಳಿಗೂ ನಡುವೆ ನನ್ನ ಮೇಜು. ಒಂದು ಗೋಡೆಯಾಚೆ ಅಪ್ಪ ಹುಳ ಸಾಯಿಸುವುದಕ್ಕೆ ಔಷಧಿ ಮಾರುತ್ತಾರೆ, ಈಚೆ ಮಗಳು ಸತ್ತ ಹುಳಗಳನ್ನು ಜೋಪಾನ ಮಾಡುತ್ತಾಳೆ. ಫೆಬ್ರವರಿ ಇಪ್ಪತ್ತಕ್ಕೆ ಕೊಚ್ಚಿಯಿಂದ ಹಡಗು ಹೊರಡುತ್ತದೆ. ಅಷ್ಟರೊಳಗೆ ಈ ಕಾಲು ಸರಿಹೋಗಲಿ ಶಿವನೇ, ಇಲ್ಲಿಂದ ಬಿಡಿಸು.

ಜನವರಿ 9, ಗುರುವಾರ

ಊಟ ತಂದ ಅಮ್ಮ ಬಾಗಿಲಲ್ಲೇ ನಿಂತು, "ಏನೇ ಅದು, ಪಾಲಿಕೀಟು ಅಂದ್ರೆ?" ಅಂತ ಕೇಳಿದಳು. ಎರೆಹುಳುವಿಗೆ ದೂರದ ನೆಂಟ, ಸಮುದ್ರದಲ್ಲಿರುತ್ತೆ, ಉಂಗುರ ಉಂಗುರವಾದ ಮೈ, ಪ್ರತಿ ಉಂಗುರದ ಎರಡೂ ಪಕ್ಕ ಬಿರುಗೂದಲು ಅಂದೆ. "ಹಂಗಾದ್ರೆ ಕಂಬಳಿಹುಳ ಅನ್ನು." ಅಲ್ಲಮ್ಮ ಅಂದರೆ, "ಕೂದ್ಲೈತೆ, ಹುಳ ಐತೆ, ಇನ್ನೇನು" ಅಂತ ತಟ್ಟೆ ಇಟ್ಟು ಹೋದಳು. ತಟ್ಟೆ ಮೂಟೆಯ ಮೇಲೆ. ಮೇಜು ಮುಟ್ಟುವುದಿಲ್ಲವಂತೆ.

ಬಿದ್ದಾಗ ಕೈಯಲ್ಲಿದ್ದ ಸೀಸೆ ಇವತ್ತು ತೆರೆದೆ. ಸತ್ತ ಹವಳದ ಕಲ್ಲು ಒಡೆದು ತೆಗೆದ ಮೂರು ಹುಳುಗಳು. ಎರಡಕ್ಕೆ ತಲೆಯ ಭಾಗ ಮಾತ್ರ ಇದೆ, ಇವು ಹಿಡಿಯುವಾಗಲೇ ತುಂಡಾಗಿಬಿಡುತ್ತವೆ. ಒಂದು ಮಾತ್ರ ಇಡೀ ಇದೆ. ಈ ಬಳಗದ ಹುಳುಗಳಿಗೆ ಬೆನ್ನಿನ ಪಕ್ಕ ಬಾಚಣಿಗೆಯಂಥ ಕಿವಿರು ಇರುತ್ತವೆ. ಈವರೆಗೆ ಗೊತ್ತಿರುವ ಜಾತಿಯಲ್ಲಿ ಅವು ಬಾಲದ ಹತ್ತಿರದವರೆಗೂ ಹೋಗುತ್ತವೆ. ನನ್ನದರಲ್ಲಿ ಅರ್ಧ ಮೈಗೇ ನಿಂತುಹೋಗಿವೆ. ಮತ್ತೆ ನೋಡಿದೆ. ನಿಂತೇ ಹೋಗಿವೆ!

ಇದು ಹೊಸ ಜಾತಿಯೇ ಇರಬೇಕು. ಎಂಟು ವರ್ಷದಲ್ಲಿ ಬೇರೆಯವರು ಹೆಸರಿಟ್ಟ ಹುಳುಗಳನ್ನೇ ಗುರುತಿಸುತ್ತ ಬಂದಿದ್ದೀನಿ, ನಾನೇ ಕಂಡದ್ದು ಅಂತ ಒಂದಿಲ್ಲ. ಇದಾದರೂ ಆಗಲಿ. ಅಪ್ಪನ ಮುಂದೆ ಒಂದು ಸಲ ತಲೆ ಎತ್ತಿ ಹೇಳಿಕೊಳ್ಳುವ ಹಂಗಾಗಲಿ.

ಜನವರಿ 14, ಮಂಗಳವಾರ

ಸಂಕ್ರಾಂತಿ. ಎಳ್ಳು-ಬೆಲ್ಲ ಬೀರಲು ಬಂದವರೆಲ್ಲ ನನ್ನ ಕಾಲಿಗೊಂದು ನಮಸ್ಕಾರ ಹಾಕಿ ಹೋದ ಹಾಗೆ ಬಗ್ಗಿ ನೋಡಿ ಹೋದರು. ಪಕ್ಕದ ಮನೆ ಸಣ್ಣಕ್ಕ, "ಮಗ್ಳು ಏನ್ ಕೆಲ್ಸ ಮಾಡೋದು?" ಅಂತ ಅಪ್ಪನನ್ನು ಕೇಳಿದರು. "ಸೆಂಟ್ರಲ್ ಗೌರ್ಮೆಂಟು. ಸಮುದ್ರದ ಕಡೆ." "ಓ, ಮೀನಿಡಿಯೋದಾ?" ಅಪ್ಪನ ಮುಖ ನೋಡಬೇಕಿತ್ತು. ವಿಭೂತಿ ಹಚ್ಚಿದ ಹಣೆ ಕೆಂಪಗಾಯಿತು. ಅಮ್ಮ ಓಡಿ ಬಂದು, "ಅಯ್ಯೋ ಇಲ್ಲ ಸಣ್ಣಕ್ಕ, ಹಿಡಿಯೋದಿಲ್ಲ ತಿನ್ನೋದಿಲ್ಲ, ಬರೀ ನೋಡೋದು" ಅಂದಳು.

ಬರೀ ನೋಡೋದು. ನಗು ಬಂತು. ಆಮೇಲೆ ಅಳುವೂ ಬಂತು, ಹಬ್ಬದ ದಿನ ಯಾಕೆ ಅಂತ ನುಂಗಿಕೊಂಡೆ. ಹುಳದ ಕೆಲಸ ಅಂತ ಬಾಯಿಬಿಟ್ಟು ಹೇಳುವುದಕ್ಕೆ ಅಪ್ಪನಿಗೆ ಅಷ್ಟು ಕಷ್ಟವಾ? ಅವರು ಇಡೀ ದಿನ ಮಾತಾಡುವುದೇ ಹುಳದ ವಿಷಯ!

ಜನವರಿ 20, ಸೋಮವಾರ

ಅಪ್ಪ ಬ್ಯಾಂಕಿಗೆ ಹೋಗಿದ್ದರು. ಯಾರೋ ಅಂಗಡಿ ದಾಟಿ ಸೀದಾ ಗೋಡೌನಿಗೇ ನುಗ್ಗಿದರು. ಕೈಯಲ್ಲಿ ಬೇರು ಸಮೇತ ಕಿತ್ತ ಮುಸುಕಿನ ಜೋಳದ ಪೈರು.

"ಉಳದ್ ಡಾಕ್ಟ್ರು ನೀವೇಯೇನವ್ವ? ನಾನು ಕೆಂಪಣ್ಣ ಅಂತ. ನಿಮ್ಮಪ್ಪಾರ ಹಳೇ ಗಿರಾಕಿ."

"ನಂದು ಸಮುದ್ರದ ಹುಳ ಕಣಣ್ಣ. ಜೋಳದ್ದು ನನಗೆ ಗೊತ್ತಿಲ್ಲ."

"ಉಳ ಉಳಾನೆ ತಾನೆ? ಒಸಿ ನೋಡಿ, ನಿಮ್ ಗಂಟೇನು ಓಯ್ತದೆ?"

ನಂಗೇನು ಹೋಗುತ್ತೆ, ನಿಜವೇ. ಸುಳಿ ಬಿಡಿಸಿ ಹುಳವನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಬಾಲದ ಹತ್ತಿರ ಚೌಕಾಕಾರಕ್ಕೆ ನಾಲ್ಕು ಕಪ್ಪು ಚುಕ್ಕಿ, ಹಣೆಯ ಮೇಲೆ ತಲೆಕೆಳಗಾದ ವೈ ಅಕ್ಷರ. ಫೋನಿನಲ್ಲಿ ಹುಡುಕಿ ಸೈನಿಕ ಹುಳು ಅಂತ ಖಾತ್ರಿ ಮಾಡಿಕೊಂಡೆ. ಕೆಂಪಣ್ಣನಿಗೂ ನೋಡು ಅಂದೆ. ಒಂದು ಕಣ್ಣು ಮುಚ್ಚಿ ಬಗ್ಗಿದವನು ಹಿಂದಕ್ಕೆ ನೆಗೆದ. "ಅಯ್ಯಯ್ಯಪ್ಪ! ಇದೇನವ್ವ ಎಮ್ಮೆ ಕರ ಇದ್ದಂಗದೆ! ಇಂಗೆ ಮೇದ್ರೆ ನನ್ ವಲ ಉಳೀತದಾ?"

ಅಪ್ಪ ಬಂದು ಔಷಧಿ ಕೊಟ್ಟರು. "ನಾನು ಬರೀ ಕಣ್ಣಲ್ಲೇ ಹೇಳ್ತಿದ್ದೆ" ಅಂದರು ನನಗೆ ಕೇಳುವ ಹಾಗೆ. ಹೇಳಿಕೊಳ್ಳಲಿ.

ಜನವರಿ 24, ಶುಕ್ರವಾರ

ಕೆಂಪಣ್ಣ ಊರಿಗೆಲ್ಲ ಸಾರಿದ್ದಾನೆ. ಇವತ್ತು ಬದನೆಕಾಯಿ ಹುಳ, ಶುಂಠಿ ಗೆಡ್ಡೆಯ ಹುಳ, ಒಬ್ಬಾತ ಅಕ್ಕಿಹುಳವನ್ನೇ ತಂದಿದ್ದ. ನನ್ನ ಕೆಲಸ ಒಂದಿಂಚೂ ಸಾಗಲಿಲ್ಲ.

ಜನವರಿ 29, ಬುಧವಾರ

ಹಾಸನದ ಡಾಕ್ಟರ ಹತ್ತಿರ ಹೋಗಿದ್ದೆವು. ಪ್ಲಾಸ್ಟರು ಬಿಚ್ಚಿದರು. ಆದರೆ ದೋಣಿ, ಹಡಗು, ಒದ್ದೆ ಕಲ್ಲು ಏಪ್ರಿಲ್ ಮುಗಿಯುವ ತನಕ ಬೇಡವೇ ಬೇಡ ಅಂದರು. ಇಪ್ಪತ್ತರ ಹಡಗು ತಪ್ಪಿತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಎಲ್ಲರೆದುರೇ ಅತ್ತುಬಿಟ್ಟೆ. ಅಪ್ಪ ಕರ್ಚೀಫು ಕೊಟ್ಟು, ಏನು ಹೇಳಬೇಕೋ ಗೊತ್ತಾಗದೆ, ಎಳನೀರು ತರ್ತೀನಿ ಅಂತ ಹೋದರು.

ಅಷ್ಟರಲ್ಲಿ ಮೇಡಂ ಫೋನು. ನಾನು ಕಳಿಸಿದ್ದ ಫೋಟೋ ನೋಡಿದ್ದಾರೆ. "ಹೊಸದಿರಬಹುದು ನೀಲಾ. ಪ್ರತಿ ಉಂಗುರದ ಚಿತ್ರ ಬರೆದು ಕಳಿಸು, ಆಮೇಲೆ ಹೇಳ್ತೀನಿ." ಎಳನೀರು ಹಿಡಿದು ಬಂದ ಅಪ್ಪನಿಗೆ ಕಣ್ಣೀರಿನಲ್ಲೇ ಹೇಳಿದೆ. ಈವರೆಗೆ ಯಾರೂ ನೋಡದ ಹುಳ ಇರಬಹುದಂತೆ ಅಪ್ಪ ಅಂತ.

"ಯಾರೂ ಅಂದ್ರೆ? ಅಮೆರಿಕದೋರೂ ನೋಡಿಲ್ವಾ?"

"ಯಾರೂ."

ಕಾರು ಬೂವನಹಳ್ಳಿ ದಾಟುವಷ್ಟರಲ್ಲಿ ಹೊಳೆನರಸೀಪುರದ ದೊಡ್ಡಪ್ಪನಿಗೆ, ಚನ್ನರಾಯಪಟ್ಟಣದ ಸೋದರತ್ತೆಗೆ ಫೋನು ಹೋಯಿತು. "ನನ್ನ ಮಗಳು ಪ್ರಪಂಚದಲ್ಲೇ ಯಾರೂ ನೋಡ್ದೇ ಇರೋ ಹುಳ ಕಂಡುಹಿಡಿದವಳೆ!" ಇರಬಹುದು ಅನ್ನುವ ಮಾತು ಹಾಸನದಲ್ಲೇ ಉಳಿಯಿತು. ತಿದ್ದಬೇಕು ಅನ್ನಿಸಿತು. ಆದರೆ ಅಪ್ಪ ನನ್ನ ಬಗ್ಗೆ ಅಷ್ಟು ದೊಡ್ಡ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಕಿಟಕಿ ಕಡೆ ತಿರುಗಿಕೊಂಡು ಸುಮ್ಮನೆ ಕೇಳಿದೆ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಫೆಬ್ರವರಿ 3, ಸೋಮವಾರ

ವರ್ತಕರ ಸಂಘದ ಕಾರ್ಯದರ್ಶಿ ಪಾಲಾಕ್ಷ ಬಂದಿದ್ದ. ಇಪ್ಪತ್ತಮೂರನೇ ತಾರೀಕು ಭಾನುವಾರ ನನಗೆ ಸನ್ಮಾನವಂತೆ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಫ್ಲೆಕ್ಸು, ಎಲ್ಲ ಆಗಲೇ ಹೇಳಿಯಾಗಿದೆ.

"ಇನ್ನೂ ಖಚಿತ ಆಗಿಲ್ಲ ಪಾಲಾಕ್ಷ. ಬರೆದು ಕಳಿಸಿ, ಅದು ಪ್ರಕಟ ಆಗೋಕೆ ಒಂದು ವರ್ಷ ಬೇಕು."

"ಒಂದು ವರ್ಷನಾ! ಅಷ್ಟೊತ್ತಿಗೆ ನಾನು ಕಾರ್ಯದರ್ಶಿ ಆಗೇ ಇರಲ್ಲ ಕಣಕ್ಕ. ಒಂದ್ ಒಳ್ಳೇ ಫೋಟೋ ಕೊಡಿ. ಉಳದ್ದೂ ಒಂದು."

ಬೇಡ ಅನ್ನಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಕಾಫಿ ಲೋಟಗಳನ್ನು ತಾವೇ ಹಿಡಿದುಕೊಂಡು ಬಂದರು. ಗೋಡೌನಿನ ಬಾಗಿಲವರೆಗೆ. ಒಳಗೆ ಬರಲಿಲ್ಲ. ಆ ಮುಖ ನೋಡಿ ಫೋಟೋ ಕೊಟ್ಟೆ.

ಫೆಬ್ರವರಿ 10, ಸೋಮವಾರ

ಇವತ್ತು ಚಿತ್ರ ಬರೆಯಲು ಕೂತೆ. ಇಷ್ಟು ದಿನ ಗಿರಾಕಿಗಳ ನೆಪ ಹೇಳಿ ಮುಂದೂಡಿದ್ದೆ. ಫೋಟೋ ತೆಗೆದರೆ ಒಂದು ಕ್ಲಿಕ್ಕು, ಆಯಿತು. ಪೆನ್ಸಿಲ್ಲು ಹಾಗಲ್ಲ, ಒಂದೊಂದೇ ಉಂಗುರ ನೋಡು, ಬರೆ, ಮತ್ತೆ ನೋಡು. ತಲೆ, ಮೀಸೆ, ಕುತ್ತಿಗೆ, ಕಿವಿರು ಶುರು. ಚೆನ್ನಾಗಿ ಹೋಗುತ್ತಿತ್ತು, ಹಾಡೊಂದನ್ನೂ ಗುನುಗುತ್ತಿದ್ದೆ ಅಂತ ಕಾಣುತ್ತೆ. ಕಿವಿರು ನಿಲ್ಲುವ ಜಾಗ ಬಂತು. ಹಿಂದಿನ ಉಂಗುರದ ಅಳತೆಗೇ ಮುಂದಿನದನ್ನು ಬರೆಯೋಣ ಅಂದರೆ ಗೆರೆ ಕೂಡುವುದಿಲ್ಲ! ಮುಂದಿನ ಉಂಗುರ ಒಂದೇ ಏಟಿಗೆ ಸಣ್ಣ. ಬಣ್ಣವೂ ಪೇಲವ. ಅಲ್ಲಿಂದ ಬಾಲದ ತನಕ ಎಲ್ಲ ಒತ್ತೊತ್ತಾಗಿ, ಎಳೆಸಾಗಿ.

ಅಯ್ಯೋ ಶಿವನೇ.

ಯಾವುದೋ ಮೀನು ಇದರ ಅರ್ಧ ಮೈ ಕಚ್ಚಿಕೊಂಡು ಹೋಗಿದೆ. ಇದು ಬಾಕಿ ಅರ್ಧವನ್ನು ಹೊಸದಾಗಿ ಬೆಳೆಸಿಕೊಳ್ಳುತ್ತಿತ್ತು. ಎಳೆ ಮೈಗೆ ಕಿವಿರು ಇನ್ನೂ ಬಂದಿರಲಿಲ್ಲ, ಅಷ್ಟೆ. ಜಾತಿ ಹಳೆಯದೇ. ಎಂ.ಎಸ್ಸಿ. ಹುಡುಗಿಗೂ ತಿಳಿಯುವಂಥದ್ದು. ನನ್ನ ಕಣ್ಣಿಗೆ ಏನು ಬಡಿದಿತ್ತು? ಹೊಸದಾಗಲಿ, ಹೊಸದಾಗಲಿ ಅಂತ ಬೇಡಿಕೊಂಡೇ ನೋಡಿದೆನಲ್ಲ, ಅದೇ ಬಡಿದಿತ್ತು.

ಮೇಡಂಗೆ ಆಗಲೇ ಬರೆದು ತಿಳಿಸಿದೆ. "ನೀನೇ ಹಿಡಿದೆಯಲ್ಲ, ಒಳ್ಳೆಯದಾಯ್ತು" ಅಂದರು. ಮೇಡಂಗೆ ಹೇಳುವುದು ಸುಲಭ.

ಫೆಬ್ರವರಿ 12, ಬುಧವಾರ

ಏನೂ ಇಲ್ಲ.

ಫೆಬ್ರವರಿ 15, ಶನಿವಾರ

ಸರ್ಕಲ್ಲಿನಲ್ಲಿ ಫ್ಲೆಕ್ಸು ಎದ್ದಿದೆ. "ಹೊಸ ಹುಳು ಕಂಡುಹಿಡಿದ ನಮ್ಮೂರ ಹೆಮ್ಮೆಯ ಪುತ್ರಿ." ಹುಳುವಿನ ಫೋಟೋ ಆಳೆತ್ತರ, ನನ್ನದು ಅದರ ಅರ್ಧ, ಪಾಲಾಕ್ಷನದು ನನಗಿಂತ ದೊಡ್ಡದು. ಅಪ್ಪ ಬೆಳಗಿನ ಹಾಲಿಗೂ ಆ ದಾರಿಯಲ್ಲೇ ಹೋಗುತ್ತಿದ್ದಾರೆ. ಹಾಲಿನ ಡೇರಿ ಇರುವುದು ಅದಕ್ಕೆ ತದ್ವಿರುದ್ಧ ದಿಕ್ಕಿಗೆ.

ಮಧ್ಯಾಹ್ನ ಕೆಂಪಣ್ಣ ಹೂಕೋಸಿನ ಹುಳ ತಂದಿದ್ದ. ಹುಳದ ಮೈಗೆ ಬಿಳೀ ಅಕ್ಕಿಕಾಳಿನಂಥ ಗೂಡುಗಳು ಅಂಟಿದ್ದವು. ಇವು ಹುಳ ತಿನ್ನುವ ಸಣ್ಣ ಕಡಜದ ಗೂಡು, ಔಷಧಿ ಹೊಡೆದರೆ ಅವೂ ಸಾಯುತ್ತವೆ, ನಾಲ್ಕು ದಿನ ತಡಿ ಅಂದೆ. ಬಾಟಲಿ ಕೈಯಲ್ಲಿ ಹಿಡಿದಿದ್ದ ಅಪ್ಪ ನನ್ನ ಮುಖ ನೋಡಿ, ಬಾಟಲಿ ನೋಡಿ, ಶೆಲ್ಫಿಗೆ ವಾಪಸ್ ಇಟ್ಟರು. "ನೀನು ಹಿಂಗೇ ಹೇಳ್ತಾ ಹೋದ್ರೆ ನಾನು ಅಂಗಡಿಗೆ ಬಾಗಿಲು ಹಾಕ್ಬೇಕಾಯ್ತದೆ ಕಣಮ್ಮ" ಅಂದರು. ಬೈದ ಹಾಗಿರಲಿಲ್ಲ. ನಮ್ಮ ಅಂಗಡಿಗೆ ಇನ್ನೊಂದು ಕುರ್ಚಿ ಬೇಕು, ಗೋಡೌನಿನಿಂದ ಕುಂಟಿಕೊಂಡು ಬರುವಷ್ಟರಲ್ಲಿ ಜನ ಹೊರಟೇ ಹೋಗುತ್ತಾರೆ.

ಹೇಳಬೇಕು. ನಾಳೆ ಹೇಳುತ್ತೀನಿ.

ಫೆಬ್ರವರಿ 20, ಗುರುವಾರ

ಧನ್ಯಾ ಹಡಗಿನಿಂದ ಫೋಟೋ ಕಳಿಸಿದ್ದಳು. ಬಿತ್ತನೆ ಶುಂಠಿ ಕೇಳಿಕೊಂಡು ಬಂದವರು ಸಾಲಾಗಿ ನಿಂತಿದ್ದರು, ಆಮೇಲೆ ನೋಡಿದರಾಯಿತು ಅಂತ ಇಟ್ಟವಳಿಗೆ ಸಂಜೆ ತನಕ ನೆನಪೇ ಆಗಲಿಲ್ಲ.

ಅಪ್ಪನಿಗೆ ಹೇಳಿದೆ. ಬಾಗಿಲೆಳೆಯುವ ಹೊತ್ತು. "ಅಪ್ಪ, ಆ ಹುಳ ಹೊಸದಲ್ಲ. ನಾನು ತಪ್ಪು ನೋಡಿದ್ದೆ." ಅಪ್ಪ ಶಟರಿನ ಕೊಂಡಿ ಹಿಡಿದೇ ನಿಂತರು. "ಅಂದ್ರೆ?" ಅಂದರೆ ಬೇರೆಯವರು ಯಾವತ್ತೋ ನೋಡಿ ಹೆಸರಿಟ್ಟದ್ದು, ಇದರ ಅರ್ಧ ಮೈ ಕಿತ್ತುಹೋಗಿ ಮತ್ತೆ ಬೆಳೆಯುತ್ತಿತ್ತು, ಅದಕ್ಕೇ ಬೇರೆ ಥರ ಕಂಡಿತು ಅಂದೆ.

"ಯಾವಾಗ ಗೊತ್ತಾಯ್ತು?"

"ಹತ್ತು ದಿನ ಆಯ್ತು."

ಶಟರು ಎಳೆದರು. ಬೀಗ ಹಾಕಿದರು. "ಸರಿ ಬುಡು" ಅಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನನ್ನಿಂದ ಅವರ ಮುಖ ಬಾಡಿತು.

ಫೆಬ್ರವರಿ 22, ಶನಿವಾರ

ಅಪ್ಪ ನಿನ್ನೆಯೇ ಹೋಗಿ ಪಾಲಾಕ್ಷನಿಗೆ ಹೇಳಿಬಂದಿದ್ದಾರೆ. ನನಗೆ ಗೊತ್ತಾದದ್ದು ಇವತ್ತು, ಆಟೋದಲ್ಲಿ ಸರ್ಕಲ್ ದಾಟುವಾಗ. ಫ್ಲೆಕ್ಸಿನಲ್ಲಿ "ಹೊಸ" ಅನ್ನುವುದರ ಮೇಲೆ ಬಿಳೀ ಕಾಗದ ಮೆತ್ತಿದ್ದಾರೆ. ಈಗ ಅದು "ಹುಳು ಕಂಡುಹಿಡಿದ ನಮ್ಮೂರ ಹೆಮ್ಮೆಯ ಪುತ್ರಿ"! ಆಟೋದವನು ತಿರುಗಿ ನೋಡುವಷ್ಟು ನಕ್ಕೆ.

ಪಾಲಾಕ್ಷ ಮನೆಗೇ ಬಂದ. ಕಾರ್ಯಕ್ರಮ ನಿಲ್ಲಿಸಲು ಆಗುವುದಿಲ್ಲವಂತೆ, ಶಾಮಿಯಾನ, ಊಟ, ಅತಿಥಿಗಳು ಎಲ್ಲ ಗೊತ್ತಾಗಿದೆ. "ಅಕ್ಕ, ನೀವು ಹೊಸದು ಅಂತಾನೂ ಅನ್ಬೇಡಿ, ಹಳೇದು ಅಂತಾನೂ ಅನ್ಬೇಡಿ. ಎಲ್ರಿಗೂ ವಂದನೆ ಅಂತ ಎರಡು ಮಾತಾಡಿ ಕೂತ್ಕೊಳಿ. ಯಾರ್ಗೆ ಗೊತ್ತಾಯ್ತದೆ?" ಅಪ್ಪ ಅಲ್ಲೇ ಕೂತಿದ್ದರು. ಪೇಪರು ಮಡಚಿದರು, ಮತ್ತೆ ಬಿಚ್ಚಿದರು.

ಯಾರಿಗೂ ಗೊತ್ತಾಗುವುದಿಲ್ಲ, ಅದೂ ನಿಜ. ಅಪ್ಪನಿಗೂ ಅದೇ ಬೇಕಾಗಿದೆಯೋ ಏನೋ.

ಫೆಬ್ರವರಿ 23, ಭಾನುವಾರ

ಅಮ್ಮ ತನ್ನ ಮೈಸೂರು ರೇಷ್ಮೆ ಉಡಿಸಿದಳು. ಕುಂಟುವುದು ಕಾಣಬಾರದು ಅಂತ ನೆರಿಗೆ ಉದ್ದ ಬಿಟ್ಟಳು. ಶಾಮಿಯಾನ ತುಂಬಿತ್ತು. ಮುಂದಿನ ಸಾಲಿನಲ್ಲಿ ಅಪ್ಪ, ಪಕ್ಕದಲ್ಲಿ ಹೊಳೆನರಸೀಪುರದ ದೊಡ್ಡಪ್ಪ. ಪಾಲಾಕ್ಷ ಅರ್ಧ ಗಂಟೆ ಹೊಗಳಿದ. ಹುಳ ಅನ್ನುವ ಪದವನ್ನೇ ತಪ್ಪಿಸಿ ಅಷ್ಟು ಹೊತ್ತು ಹೊಗಳಿದ್ದು ಅವನ ಶಕ್ತಿ.

ಮೈಕು ಕೈಗೆ ಬಂತು. ಅಪ್ಪನ ಕಡೆ ನೋಡಿದರೆ ಬಾಯಿ ಕಟ್ಟುತ್ತೆ ಅಂತ ದೂರದ ಕಂಬ ನೋಡಿಕೊಂಡು ಹೇಳಿದೆ. "ನಾನು ಹೊಸ ಹುಳ ಕಂಡುಹಿಡಿದಿಲ್ಲ. ಹೊಸದು ಅಂದುಕೊಂಡಿದ್ದೆ. ತಪ್ಪಾಗಿ ನೋಡಿದ್ದೆ. ಚಿತ್ರ ಬರೆಯುವಾಗ ಗೊತ್ತಾಯಿತು. ಕ್ಷಮಿಸಿ." ಇಷ್ಟೇ. ಪಾಲಾಕ್ಷ ಶಾಲನ್ನು ಎದೆಗೊತ್ತಿಕೊಂಡು ನಿಂತಿದ್ದ, ಹೊದಿಸಬೇಕೋ ಬೇಡವೋ ತಿಳಿಯದೆ.

ಹಿಂದಿನಿಂದ ಯಾರೋ, "ಅಂಗಾರೆ ಸನ್ಮಾನ ಯಾಕ್ರಲಾ?" ಅಂದರು. ನಗು ಎದ್ದಿತು.

ಅಪ್ಪ ಎದ್ದರು. ಸಭೆಯಲ್ಲಿ ಮಾತಾಡಿದವರೇ ಅಲ್ಲ. ಪಂಚೆ ಸರಿಮಾಡಿಕೊಂಡು ಜನರ ಕಡೆ ತಿರುಗಿದರು. ಮೈಕಿಲ್ಲದೆ, ಅಂಗಡಿಯಲ್ಲಿ ಮೂಟೆ ಇಳಿಸುವವರನ್ನು ಕೂಗುವ ದನಿಯಲ್ಲೇ ಕೇಳಿದರು.

"ಅವಳು ಹೇಳ್ದೇ ಇದ್ದಿದ್ರೆ ನಿಂಗೆ ಗೊತ್ತಾಗ್ತಿತ್ತೇನಯ್ಯ?"

"ಹೊದ್ಸು ಪಾಲಾಕ್ಷ" ಅಂದು ಕೂತರು. ದೊಡ್ಡಪ್ಪ ಅವರ ಕೈ ಹಿಡಿದುಕೊಂಡರು. ಮೊದಲು ಚಪ್ಪಾಳೆ ಹೊಡೆದದ್ದು ಕೆಂಪಣ್ಣ. ಆಮೇಲೆ ಏನಾಯಿತು ಅಂತ ನನಗೆ ಸರಿಯಾಗಿ ಕಾಣಲಿಲ್ಲ, ಪೇಟ ದೊಡ್ಡದಾಗಿ ಕಣ್ಣಿನ ಮೇಲೇ ಇಳಿದಿತ್ತು, ಕಣ್ಣೂ ತುಂಬಿತ್ತು.

ಮನೆಗೆ ಬಂದು ಸೀರೆ ಬದಲಾಯಿಸಿ ಗೋಡೌನಿಗೆ ಬಂದರೆ ಅಪ್ಪ ನನ್ನ ಮೇಜಿನ ಮುಂದೆ ನಿಂತಿದ್ದಾರೆ. "ಎಲ್ಲಿ, ಅದನ್ನ ತೋರ್ಸು." ಹುಳವನ್ನು ತಟ್ಟೆಗೆ ಹಾಕಿ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಕನ್ನಡಕ ತೆಗೀರಿ ಅಂದೆ, ಇಲ್ಲಿ ತಿರುಗಿಸಿ ಅಂದೆ. ಬಗ್ಗಿದವರು ಎಷ್ಟು ಹೊತ್ತಾದರೂ ಏಳಲಿಲ್ಲ.

"ಇಲ್ಲಿಂದ ಹಿಂದಕ್ಕೆ ಎಳೇದು. ಅಲ್ವಾ? ಸಣ್ಣಕೈತೆ."

"ಹೂಂ ಅಪ್ಪ. ಅಲ್ಲಿಂದ."

"ಅರ್ಧ ಮೈ ಹೋದ್ರೂ ಬದುಕ್ಕೊಂಡು, ಮತ್ತೆ ಬೆಳೆಸ್ಕೊಂಡೈತಲ್ಲಮ್ಮ! ಆಮೇಲೆ?"

"ಆಮೇಲೆ ನಾನು ಹಿಡಿದೆ."

ಅಪ್ಪ ತಲೆ ಎತ್ತಿ ನನ್ನನ್ನು ನೋಡಿದರು. "ಅಯ್ಯೋ ಪಾಪಿ" ಅಂದರು, ಅಂದು ಜೋರಾಗಿ ನಕ್ಕುಬಿಟ್ಟರು. ನಗುತ್ತಲೇ ಮತ್ತೆ ಬಗ್ಗಿದರು.